ಮನೆತನ ಕೇಳದ ಕೋಣೆ: ಕೊಡಗಿನ ಒಂದು ಎಎ ಸಭೆಯ ಕುರಿತು

ಕೊಡಗಿನಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಗೆ ದಾರಿಗಳಿವೆ. ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳು ನಮ್ಮ ಜಿಲ್ಲೆಯಲ್ಲೂ ನಡೆಯುತ್ತವೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದವರು ಮುಂದಿನ ವಾರ, ಅದರ ಮುಂದಿನ ವಾರ, ಮತ್ತೆ ಮಳೆಗಾಲದುದ್ದಕ್ಕೂ ಎಲ್ಲಿಗೆ ಹೋಗಿ ಯಾರೊಡನೆ ಮಾತನಾಡಬೇಕು ಎಂಬ ಪ್ರಶ್ನೆಗೆ ಅಷ್ಟು ಸುಲಭವಾಗಿ ಉತ್ತರ ದೊರೆಯುವುದಿಲ್ಲ. ನನ್ನ ಅಣ್ಣನಿಗಾಗಿ ಅಂಥದೊಂದು ಜಾಗ ಹುಡುಕುತ್ತ ನಾವು ತಲುಪಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್‌ನ, ಎಲ್ಲರೂ ಎಎ ಎಂದು ಕರೆಯುವ ಕೂಟದ, ವಾರಕ್ಕೊಮ್ಮೆ ನಡೆಯುವ ಸಭೆಯೊಂದಕ್ಕೆ. ಅಲ್ಲಿಗೆ ಬರುವವರ ಗೋಪ್ಯತೆಯ ದೃಷ್ಟಿಯಿಂದ ಊರಿನ ಹೆಸರನ್ನು ಬರೆಯುತ್ತಿಲ್ಲ. ಕುಡಿತ ಬಿಡಬಯಸುವವರಿಗಷ್ಟೇ ಮೀಸಲಾದ ಕ್ಲೋಸ್ಡ್ ಮೀಟಿಂಗ್‌ಗೆ ಅಣ್ಣ ಒಬ್ಬನೇ ಹೋಗುತ್ತಾನೆ. ಮನೆಯವರಿಗೂ ಪ್ರವೇಶವಿರುವ ಓಪನ್ ಮೀಟಿಂಗ್‌ಗಳಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿತದಿಂದ ಬಳಲಿದವರು, ಆರಂಭಿಸಿದ ಕೂಟವಿದು. ಸದಸ್ಯತ್ವಕ್ಕೆ ಕುಡಿತ ಬಿಡಬೇಕೆಂಬ ಆಸೆಯೊಂದೇ ಸಾಕು. ಶುಲ್ಕವಿಲ್ಲ. ಹೊರಗಿನವರ ದೇಣಿಗೆಯನ್ನೂ ಸ್ವೀಕರಿಸುವುದಿಲ್ಲ. ಸದಸ್ಯರೇ ಚೀಲಕ್ಕೆ ಹಾಕುವ ಹಣದಲ್ಲಿ ಕೋಣೆಯ ಬಾಡಿಗೆ ಮತ್ತು ಚಹಾದ ಖರ್ಚು ನಡೆಯುತ್ತದೆ.

ಈ ಸಭೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಹೆಸರಿನ ವಿಚಾರ. ಕೊಡಗಿನಲ್ಲಿ ಇಬ್ಬರು ಅಪರಿಚಿತರು ಭೇಟಿಯಾದರೆ ಮೊದಲು ಕೇಳುವುದೇ ಯಾವ ಮನೆಯವರು ಎಂದು. ಒಕ್ಕದ, ಅಂದರೆ ಮನೆತನದ, ಹೆಸರು ಹೇಳಿದ ಕ್ಷಣದಲ್ಲಿ ಅಜ್ಜ ಯಾರು, ತೋಟ ಎಲ್ಲಿದೆ, ಹೆಣ್ಣು ಕೊಟ್ಟದ್ದು ಎಲ್ಲಿಗೆ ಎಂಬುದೆಲ್ಲ ಬಯಲಾಗುತ್ತದೆ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಗುಟ್ಟು ಉಳಿಯುವುದಿಲ್ಲ ಎಂಬ ಭಯದಿಂದಲೇ ಎಷ್ಟೋ ಮಂದಿ ಸಹಾಯ ಕೇಳಲು ಹಿಂಜರಿಯುತ್ತಾರೆ. ಆ ಕೋಣೆಯಲ್ಲಿ ಮಾತ್ರ ಎಲ್ಲರೂ ತಮ್ಮ ಹೆಸರನ್ನಷ್ಟೇ ಹೇಳುತ್ತಾರೆ, ಅದಕ್ಕಿಂತ ಹೆಚ್ಚನ್ನು ಯಾರೂ ಕೇಳುವುದಿಲ್ಲ. ತೋಟದ ಮಾಲೀಕರೊಬ್ಬರು ಮಾತು ಮುಗಿಸಿದ ಮೇಲೆ ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದವರು ಅದೇ ಬೆಂಚಿನಿಂದ ಮಾತನಾಡಿದರು. ಮಾಲೀಕರು ತಲೆಬಾಗಿಸಿ ಕೇಳಿದರು. ನಮ್ಮ ಜಿಲ್ಲೆಯಲ್ಲಿ ಇಂಥ ನೋಟವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೆಯದು, ಇಲ್ಲಿನ ಬದುಕಿಗೆ ಒದಗುವ ಸಲಹೆ. ಕೈಲ್‌ಪೊಳ್ದ್, ಪುತ್ತರಿಯಂಥ ಹಬ್ಬಗಳು, ಮದುವೆ ಎಲ್ಲದರಲ್ಲೂ ನಮ್ಮಲ್ಲಿ ಮದ್ಯವಿರುತ್ತದೆ. ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಎಡೆ ಇಡುವಾಗಲೂ ಇರುತ್ತದೆ. ಅಂಥ ಜಾಗಗಳಿಗೆ ಹೋಗಬೇಡಿ ಎನ್ನುವುದು ಹೊರಗಿನವರಿಗೆ ಸುಲಭ, ಆದರೆ ಸ್ವಂತ ತಂಗಿಯ ಮದುವೆಗೆ ಹೋಗದಿರಲು ಸಾಧ್ಯವೆ? ಸಭೆಯ ಹಿರಿಯ ಸದಸ್ಯರು ಅನುಭವದಿಂದ ಹೇಳುವ ಮಾತುಗಳು ಬೇರೆ ಬಗೆಯವು: ಊಟದ ಹೊತ್ತಿಗೆ ಸರಿಯಾಗಿ ಹೋಗಿ, ಒಳಗೆ ಕಾಲಿಟ್ಟೊಡನೆ ನಿಂಬೆ ಪಾನಕದ ಲೋಟವನ್ನು ಕೈಗೆ ತೆಗೆದುಕೊಳ್ಳಿ, ಮರಳುವ ವಾಹನ ನಿಮ್ಮ ಅಧೀನದಲ್ಲೇ ಇರಲಿ, ಹೊರಡುವ ಮೊದಲೂ ಮನೆ ತಲುಪಿದ ಮೇಲೂ ನಿಮಗೆ ದಾರಿ ತೋರುವ ಹಿರಿಯ ಸದಸ್ಯರಾದ ಸ್ಪಾನ್ಸರ್‌ಗೆ ಫೋನ್ ಮಾಡಿ. ಅಣ್ಣ ಕಳೆದ ಪುತ್ತರಿಯನ್ನು ದಾಟಿದ್ದು ಈ ಮಾತುಗಳ ಬಲದಿಂದ.

ಸಭೆಗಳು ನಿಜವಾಗಿಯೂ ಫಲ ಕೊಡುತ್ತವೆಯೇ ಎಂದು ಕೇಳುವವರಿಗೆ, ಚಿಕಿತ್ಸೆಗಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆಯನ್ನು ಉಲ್ಲೇಖಿಸಬಹುದು. 27 ಅಧ್ಯಯನಗಳನ್ನೂ ಅವುಗಳಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೂ ಪರಿಗಣಿಸಿದ ಆ ಪರಾಮರ್ಶೆಯು, ಕ್ರಮಬದ್ಧವಾಗಿ ಎಎ ಕಡೆಗೆ ಜೋಡಿಸುವ ಚಿಕಿತ್ಸೆಯು ನಿರಂತರವಾಗಿ ಕುಡಿಯದೆ ಉಳಿಯುವ ವಿಷಯದಲ್ಲಿ ಇತರ ಪ್ರಚಲಿತ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡುಕೊಂಡಿತು. ಆದರೂ ಸಭೆಯು ವೈದ್ಯರಿಗೆ ಬದಲಿಯಾಗಲಾರದು. ಪ್ರತಿದಿನ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಗಳೊಳಗೆ ಅಪಸ್ಮಾರದಂಥ ಸೆಳೆತ ಬರಬಹುದು, ಅದರ ನಂತರದ ದಿನಗಳಲ್ಲಿ ಪ್ರಾಣಾಪಾಯ ತರುವ ಸನ್ನಿಯೂ ಕಾಣಿಸಬಹುದು. ಕೈ ನಡುಗುತ್ತಿದ್ದ ಹೊಸಬರೊಬ್ಬರನ್ನು ಸದಸ್ಯರು ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕರೆದೊಯ್ದದ್ದನ್ನು ಕಂಡಾಗ ಈ ಗುಂಪಿನ ಮೇಲಿನ ನನ್ನ ನಂಬಿಕೆ ಗಟ್ಟಿಯಾಯಿತು.

ಕೊರತೆಗಳಿವೆ. ಸಭೆ ಸಂಜೆ ನಡೆಯುವುದರಿಂದ ಒಳಗಿನ ಊರುಗಳಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ. ಆಟಿಯ ಮಳೆಯಲ್ಲಿ ಅರ್ಧಕ್ಕರ್ಧ ಕುರ್ಚಿಗಳು ಖಾಲಿ. ಓದುವಿಕೆ ಕನ್ನಡದಲ್ಲಿದ್ದು, ಕೊಡವ, ಮಲಯಾಳ, ತುಳುವಿನಲ್ಲಿ ಮಾತನಾಡುವವರನ್ನೂ ತಾಳ್ಮೆಯಿಂದ ಕೇಳುತ್ತಾರೆ, ಆದರೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರಿಗೆ ಅಲ್ಲಿ ಏನೂ ಅರ್ಥವಾಗುವಂತಿಲ್ಲ. ನಾನು ಹೋದ ಸಭೆಗಳಲ್ಲಿ ಕುಡಿತದಿಂದ ಹೊರಬರುತ್ತಿರುವ ಹೆಂಗಸರು ಯಾರೂ ಇರಲಿಲ್ಲ. ಅಂಥವರು ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದು ನಾನು ನಂಬುವುದಿಲ್ಲ. ಅವರು ಆ ಬಾಗಿಲು ದಾಟುವುದು ಗಂಡಸರಿಗಿಂತ ಎಷ್ಟೋ ಪಾಲು ಕಷ್ಟವೆಂಬುದು ನನ್ನ ದುಃಖ.

ಹುಡುಕುವವರು ಹಳೆಯ ಪಟ್ಟಿಯನ್ನು ನಂಬಿ ಹೊರಡದೆ ಮೊದಲು ಫೋನ್ ಮಾಡಬೇಕು, ಏಕೆಂದರೆ ಸಭೆಯ ಜಾಗವೂ ಸಮಯವೂ ಬದಲಾಗುತ್ತಿರುತ್ತವೆ. ದಾರಿ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮನೆಯವರಿಗೆಂದೇ 1951ರಲ್ಲಿ ಆರಂಭವಾದ ಅಲ್-ಅನಾನ್ ಕೂಟದ ಬಗ್ಗೆಯೂ ವಿಚಾರಿಸಿ. ಗುಂಪಿನವರಲ್ಲಿ ನನ್ನದೊಂದು ವಿನಂತಿ: ತಿಂಗಳಿಗೊಮ್ಮೆಯಾದರೂ ಓಪನ್ ಮೀಟಿಂಗನ್ನು ತೋಟಗಳ ರಜೆಯ ದಿನ, ಹಗಲು ಹೊತ್ತಿನಲ್ಲಿ, ಬಸ್ ನಿಲ್ದಾಣದ ಹತ್ತಿರ ಇಡಿ.