ಚೀಟಿ ಕೇಳದೆ ಕೊಟ್ಟ ಆ ಟ್ಯೂಬು

ನಾನು ಕಪ್ಪು. ಗಂಡಿನ ಕಡೆಯವರಿಗೆ ಕಳಿಸೋ ಬಯೋಡೇಟಾದಲ್ಲಿ ಅಪ್ಪ "ಗೋಧಿ ಬಣ್ಣ" ಅಂತ ಬರೆಸಿದ್ದರು, ಅದು ಸುಳ್ಳು. ನಮ್ಮಜ್ಜಿ ಲೆಕ್ಕದಲ್ಲಿ ಎಣ್ಣೆಗಪ್ಪು. ನೆಂಟರ ಲೆಕ್ಕದಲ್ಲಿ "ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ". ಆ "ಇದ್ರೂ" ಎಷ್ಟು ಚುಚ್ಚುತ್ತೆ ಅನ್ನೋದು ಕೇಳಿಸಿಕೊಂಡವರಿಗೇ ಗೊತ್ತು.

ಆದರೆ ಕ್ರೀಮ್ ತಗೊಂಡಿದ್ದು ಬೆಳ್ಳಗಾಗೋಕಲ್ಲ, ಮೊಡವೆ ಕಲೆಗೆ. (ಪೂರ್ತಿ ನಿಜ ಅಲ್ಲ ಬಿಡಿ.) ತಮ್ಮನ ಮದುವೆಗೆ ಎರಡು ತಿಂಗಳಿತ್ತು. ನಮ್ಮಂಥ ಚರ್ಮದಲ್ಲಿ ಮೊಡವೆ ಮೂರು ದಿನಕ್ಕೆ ಹೋದರೂ ಕಲೆ ಮೂರು ತಿಂಗಳು ಕೂತಿರುತ್ತೆ. ದಾವಣಗೆರೆಯಲ್ಲಿ ಮನೆ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ ಕೆನ್ನೆ ತೋರಿಸಿದೆ. "ಇದನ್ನ ತಗೊಳ್ಳಿ ಮೇಡಂ, ರಾತ್ರಿ ಹಚ್ಚಿ ಮಲಗಿ, ಎಲ್ಲರೂ ಇದನ್ನೇ ಒಯ್ಯೋದು" ಅಂತ ಬೆರಳುದ್ದದ ಟ್ಯೂಬು ಕೊಟ್ಟರು. ಚೀಟಿ ಕೇಳಲಿಲ್ಲ. ನನಗೂ ಚೀಟಿ ಬೇಕು ಅಂತ ಹೊಳೀಲಿಲ್ಲ.

ಹತ್ತೇ ದಿನ. ಮೊಡವೆ ಮಾಯ, ಕಲೆ ತಿಳಿಯಾಯ್ತು, ಮುಖ ನುಣ್ಣಗೆ ಹೊಳೀತಿತ್ತು. ಮದುವೆ ಮನೆಯಲ್ಲಿ ಅತ್ತೆಯಂದಿರು ಗಲ್ಲ ಹಿಡಿದು ನೋಡಿದ್ದೇ ನೋಡಿದ್ದು. "ಏನೇ ಹಚ್ತೀಯ?" ಅಂತ ಕೇಳಿದವರಿಗೆಲ್ಲ ಹೆಸರು ಹೇಳಿದೆ. ಹರಿಹರದಲ್ಲಿರೋ ಚಿಕ್ಕಮ್ಮನ ಮಗಳಿಗಂತೂ ನಾನೇ ಮೂರು ಟ್ಯೂಬು ತಂದುಕೊಟ್ಟೆ. ಆಗಿನ್ನೂ ಸೆಕೆಂಡ್ ಪಿಯುಸಿ ಓದ್ತಿದ್ದ ಹುಡುಗಿ.

ಆರನೇ ತಿಂಗಳ ಹೊತ್ತಿಗೆ ಒಂದೊಂದೇ ಶುರುವಾಯ್ತು. ರೊಟ್ಟಿ ಹೆಂಚಿನ ಮುಂದೆ ನಿಂತರೆ ಮುಖ ಉರಿಯೋದು. ಗದ್ದದ ಮೇಲೆ, ಕಿವಿ ಮುಂದೆ ಎಳೆ ಕೂದಲು. ಹಣೆ ತುಂಬ ಸಾಸಿವೆ ಕಾಳಿನಂಥ ಗುಳ್ಳೆ, ಎಲ್ಲಾ ಒಂದೇ ಅಳತೆ. ಮೊಡವೆ ಹೆಚ್ಚಾಯ್ತು ಅಂದುಕೊಂಡು ನಾನು ಕ್ರೀಮೂ ಹೆಚ್ಚು ಹಚ್ಚಿದೆ.

ಬುದ್ಧಿ ಬಂದಿದ್ದು ಧರ್ಮಸ್ಥಳದಲ್ಲಿ. ಟ್ಯೂಬು ಮನೆಯಲ್ಲೇ ಮರೆತು ಹೋಗಿದ್ದೆ. ಮೂರನೇ ರಾತ್ರಿ ರೂಮಿನಲ್ಲಿ ಮುಖ ಊದಿಕೊಂಡು ಧಗಧಗ ಅಂತಿತ್ತು. ಅಮ್ಮ ಟವೆಲ್ ಒದ್ದೆ ಮಾಡಿ ಮಾಡಿ ಹಾಕ್ತಿದ್ದರು, ಎರಡು ನಿಮಿಷಕ್ಕೆ ಟವೆಲ್ಲೇ ಬೆಚ್ಚಗಾಗೋದು. ಊರಿಗೆ ಬಂದವಳೇ ಕ್ರೀಮ್ ಹಚ್ಚಿದೆ. ಬೆಳಿಗ್ಗೆಗೆ ಎಲ್ಲಾ ತಣ್ಣಗೆ! ಸಮಾಧಾನ ಆಗೋ ಬದಲು ಹೊಟ್ಟೆಯೊಳಗೆ ಭಯ ಹುಟ್ಟಿತು. ನಮ್ಮ ದೊಡ್ಡಪ್ಪ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಒಂದು ಗುಟುಕು ಇಳಿದ ಮೇಲೆ ಸರಿಹೋಗ್ತಿದ್ದದ್ದು ನೆನಪಾಯ್ತು.

ಕ್ರೀಮ್ ಬಿಟ್ಟರೆ ಮುಖ ಯಾಕೆ ಉರಿಯುತ್ತೆ ಅಂತ ಮೊಬೈಲಲ್ಲಿ ಹುಡುಕಿದೆ. ಚಿತ್ರಗಳಲ್ಲೆಲ್ಲ ಟೊಮೆಟೊ ಥರ ಕೆಂಪಾದ ಬಿಳಿಯರ ಮುಖ. ನನ್ನದು ಹಾಗಿರಲಿಲ್ಲ, ಹಾಗಾದರೆ ಇದು ಆ ಕಾಯಿಲೆ ಅಲ್ಲ ಅಂತ ಮತ್ತೂ ಒಂದು ತಿಂಗಳು ಕಳೆದೆ. ಕಪ್ಪು ಚರ್ಮದಲ್ಲಿ ಕೆಂಪು ಕೆಂಪಾಗಿ ಕಾಣಲ್ಲ ಕಣ್ರೀ. ನೇರಳೆಯೋ ಕಂದೋ ಆಗಿ, "ಸ್ವಲ್ಪ ಕಂದಿದೀಯ" ಅನ್ನೋ ಮಟ್ಟಕ್ಕಷ್ಟೇ ಕಾಣುತ್ತೆ. ಹಾಗಾಗಿ ಕನ್ನಡಿ ನಂಬಬೇಡಿ. ಬಿಸಿ, ಉರಿ, ಬಿಗಿತ, ಇವನ್ನ ನಂಬಿ.

ಸ್ಕಿನ್ ಡಾಕ್ಟರ್ ಮುಖ ನೋಡೋ ಮೊದಲೇ ಕೇಳಿದ್ದು, "ಏನು ಹಚ್ತಿದ್ದೀರಿ? ಟ್ಯೂಬ್ ತಂದಿದ್ದೀರಾ?" ತಂದಿದ್ದೆ. ಟೂತ್‌ಪೇಸ್ಟಿನ ಹಾಗೆ ಬಾಲದಿಂದ ಸುತ್ತಿಕೊಂಡು ಬಂದಿದ್ದ ಟ್ಯೂಬನ್ನ ಅವರು ಉಗುರಲ್ಲಿ ಬಿಚ್ಚಿ ಮೇಜಿನ ಮೇಲೆ ಒತ್ತಿ ಹಿಡಿದರು. ಉದ್ದಕ್ಕೊಂದು ಕೆಂಪು ಗೆರೆ, ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಇಂಗ್ಲಿಷಿನಲ್ಲಿ. ಅಷ್ಟೂ ನಾನು ಸುತ್ತಿದ ಮಡಿಕೆಯೊಳಗೇ ಇತ್ತು.

ಅದರಲ್ಲಿದ್ದದ್ದು ಮೂರು: ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್. ಕೊನೆಯದು ಸ್ಟಿರಾಯ್ಡ್. ಅದು ರಕ್ತನಾಳ ಕುಗ್ಗಿಸುತ್ತೆ, ಊತ ಅಡಗಿಸುತ್ತೆ, ಅದಕ್ಕೇ ಹತ್ತು ದಿನದಲ್ಲಿ ಹೊಳಪು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತೆ, ಗುಳ್ಳೆ ಏಳುತ್ತೆ, ಕೂದಲು ಬರುತ್ತೆ, ಬಿಟ್ಟರೆ ಉರಿ, ಊತ ಭುಗಿಲೇಳುತ್ತೆ. ಹೈಡ್ರೋಕ್ವಿನೋನ್ ಅಂತೂ ವರ್ಷಗಟ್ಟಲೆ ಹಚ್ಚಿದರೆ ನೀಲಿಗಪ್ಪು ಮಚ್ಚೆ ಬಿಡಬಹುದು, ಅದು ಸುಲಭಕ್ಕೆ ಹೋಗಲ್ಲ. ಬೆಳ್ಳಗಾಗೋಕೆ ಹಚ್ಚಿದ್ದು ಕಡೆಗೆ ಮಾಡೋ ಕೆಲಸ ಇದು! ಔಷಧಿಯೇ ಕೆಟ್ಟದ್ದು ಅಂತಲ್ಲ. ಮುಖದ ಮೇಲೆ ಏಳೋ ಬಂಗಿಗೆ ಡಾಕ್ಟರುಗಳೂ ಇದೇ ಮೂರನ್ನ ಬರೀತಾರೆ, ಕೆಲವು ವಾರಕ್ಕೆ, ಮತ್ತೆ ಬಂದು ತೋರಿಸಿ ಅಂತ ಹೇಳಿ. 2018ರಲ್ಲೇ ಸರ್ಕಾರ ಸ್ಟಿರಾಯ್ಡ್ ಕ್ರೀಮುಗಳನ್ನ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ತಂದಿದೆ. ಕಾನೂನು ಕಾಗದದಲ್ಲಿದೆ, ಟ್ಯೂಬು ಕೌಂಟರಿನಲ್ಲಿದೆ.

ಆದ್ದರಿಂದ ಟ್ಯೂಬು ತಿರುಗಿಸಿ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್, ಕ್ಲೊಬೆಟಸಾಲ್, ಇವೆಲ್ಲ ಸ್ಟಿರಾಯ್ಡು. ಅಕ್ಷರವೇ ಇಲ್ಲದ, ತಯಾರಿಸಿದವರ ವಿಳಾಸ ಇಲ್ಲದ ಡಬ್ಬಿ ಇನ್ನೂ ಅಪಾಯ, ಅದರಲ್ಲಿ ಕಿಡ್ನಿ ಕೆಡಿಸೋ ಪಾದರಸ ಇರಬಹುದು. ಕೇರಳದ ಕೊಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಒಂದು ಬಗೆಯ ಕಿಡ್ನಿ ಕಾಯಿಲೆಯಿಂದ ಬಂದ 22 ಜನರನ್ನ ಡಾಕ್ಟರುಗಳು ವಿಚಾರಿಸಿದಾಗ 13 ಜನ ಬೆಳ್ಳಗಾಗೋ ಕ್ರೀಮ್ ಹಚ್ಚುತ್ತಿದ್ದವರು. ಮುಖಕ್ಕೆ ನಿಂಬೆರಸ, ಅಡುಗೆ ಸೋಡಾ ಹಚ್ಚೋ ಮನೆಮದ್ದಿನ ಬಗ್ಗೆ ಬರೆಯಲ್ಲ. ಸುಟ್ಟುಕೊಂಡವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ.

ನೀವೂ ಹಚ್ತಿದ್ದರೆ, ಇದನ್ನ ಓದಿದ ಸಿಟ್ಟಿಗೆ ಇವತ್ತೇ ಟ್ಯೂಬು ಕಸಕ್ಕೆ ಎಸೀಬೇಡಿ. ಚೀಲಕ್ಕೆ ಹಾಕಿಕೊಂಡು ಸ್ಕಿನ್ ಡಾಕ್ಟರ್ ಹತ್ತಿರ ಹೋಗಿ, ಹೇಗೆ ಬಿಡಬೇಕು ಅನ್ನೋದು ಅವರೇ ಹೇಳಲಿ. ನನಗೆ ಏಳು ತಿಂಗಳು ಹಿಡೀತು. ಈಗ ಮುಖಕ್ಕೆ ಮೂರೇ: ವಾಸನೆ ಇಲ್ಲದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಕಪ್ಪಗಿರೋರಿಗೆ ಸನ್‌ಸ್ಕ್ರೀನ್ ಯಾಕೆ ಅಂತ ನಾನೂ ನಗ್ತಿದ್ದೆ. ಬಿಸಿಲಿಗೆ ಹಳೇ ಕಲೆ ಇನ್ನೂ ಕಪ್ಪಾಗೋದು ನಮಗೇ ಜಾಸ್ತಿಯಂತೆ. ಮೊದಲು ಕೊಂಡದ್ದು ಹಚ್ಚಿದರೆ ವಿಭೂತಿ ಬಳಿದುಕೊಂಡ ಹಾಗೆ ಕಾಣ್ತಿತ್ತು. ಐರನ್ ಆಕ್ಸೈಡ್ ಅನ್ನೋ ಬಣ್ಣ ಬೆರೆಸಿದ, ಬಿಳಿ ಅಲ್ಲದ ಸನ್‌ಸ್ಕ್ರೀನ್ ನಮ್ಮ ಚರ್ಮಕ್ಕೆ ಹೊಂದುತ್ತೆ, ಕಲೆಗೂ ಒಳ್ಳೇದು.

ಚಿಕ್ಕಮ್ಮನ ಮಗಳ ಟ್ಯೂಬುಗಳು ಮೂರಕ್ಕೇ ನಿಂತಿರಲಿಲ್ಲ. ಒಂದೂವರೆ ವರ್ಷದಿಂದ ಹಚ್ತಾನೇ ಇದ್ದಳು, ಅಲ್ಲೂ ಯಾರೂ ಚೀಟಿ ಕೇಳಿರಲಿಲ್ಲ. ಅದೇ ಡಾಕ್ಟರ್ ಹತ್ತಿರ ನಾನೇ ಕರ್ಕೊಂಡು ಹೋದೆ. ವಾಪಸ್ ಬರೋವಾಗ ಬಸ್ಸಿನಲ್ಲಿ ವೇಲು ಮುಖಕ್ಕೆ ಸುತ್ತಿಕೊಂಡೇ ಕೇಳಿದಳು, "ಅಕ್ಕಾ, ಬಿಟ್ಟರೆ ಮತ್ತೆ ಕಪ್ಪಾಗ್ತೀನಾ?"

"ಹ್ಞೂಂ, ನಿನ್ನ ಬಣ್ಣ ನಿನಗೆ ವಾಪಸ್ ಬರುತ್ತೆ" ಅಂದೆ.

ಹರಿಹರ ಬರೋವರೆಗೂ ಅವಳು ನನ್ನ ಜೊತೆ ಮಾತಾಡಲಿಲ್ಲ.