ಟಗರಿನ ಎದೆಪಟ್ಟಿ, ಬಣ್ಣದ ಗಟ್ಟಿ: ಬೆದೆಯ ಲೆಕ್ಕಕ್ಕೆ ಎಷ್ಟು ನಂಬಬಹುದು?

ಟಗರಿನ ಎದೆಗೆ ಪಟ್ಟಿ ಬಿಗಿದು, ಅದರಲ್ಲಿ ಮೇಣದ ಬಣ್ಣದ ಗಟ್ಟಿ ಕೂರಿಸಿ ಹಿಂಡಿಗೆ ಬಿಟ್ಟರೆ, ಅದು ಹಾರಿದ ಕುರಿಯ ಬಾಲದ ಬುಡದ ಮೇಲೆ ಬಣ್ಣ ಬೀಳುತ್ತದೆ. ಕುರಿ ಬೆದೆಗೆ ಬಂದರೆ ಹಸುವಿನಂತೆ ಕೂಗುವುದಿಲ್ಲ, ಬೇರೆ ಕುರಿಗಳ ಮೇಲೆ ಹಾರುವುದೂ ಅಪರೂಪ. ಬೆದೆ ಇರುವುದೇ 24ರಿಂದ 36 ಗಂಟೆ. ಅದನ್ನು ಖಚಿತವಾಗಿ ಪತ್ತೆ ಮಾಡಬಲ್ಲದ್ದು ಟಗರೇ, ಹಾಗಾಗಿ ಈ ಪಟ್ಟಿ ನಿಜಕ್ಕೂ ಉಪಯೋಗದ ಸಾಮಾನು. ಆದರೆ ಟಗರು ಹಾರಿದೆ ಎಂಬುದಷ್ಟೇ ಬಣ್ಣದಿಂದ ಗೊತ್ತಾಗುತ್ತದೆ, ಗಬ್ಬ ನಿಂತಿದೆ ಎಂದಲ್ಲ.

ಬಹುಪಾಲು ದೂರುಗಳು ಕಟ್ಟುವ ರೀತಿಯಿಂದ ಬರುತ್ತವೆ. ಗಟ್ಟಿ ಎದೆಮೂಳೆಯ ಮೇಲೆ ಸರಿಯಾಗಿ ನಡುವೆ ಕೂರಬೇಕು. ಕೆಳಗೆ ಜೋತರೆ ಮುಂಗಾಲಿಗೆ ಉಜ್ಜುತ್ತದೆ, ಒಂದು ಪಕ್ಕಕ್ಕೆ ಸರಿದರೆ ಗುರುತು ಕುರಿಯ ಸೊಂಟದ ಮೇಲೆ ಬೀಳುತ್ತದೆ. ಪಟ್ಟಿಯಡಿ ಎರಡು ಬೆರಳು ತೂರುವಷ್ಟು ಸಡಿಲ ಸಾಕು. ಬಕಲ್ ಕಂಕುಳಿಗೆ ತಾಗಬಾರದು, ಗಟ್ಟಿ ಹಿಡಿಯುವ ಪಿನ್ನಿನ ತುದಿಯನ್ನು ಚರ್ಮಕ್ಕೆ ಚುಚ್ಚದಂತೆ ಹೊರಕ್ಕೆ ಮಡಚಬೇಕು. ಹೊಸ ಪಟ್ಟಿ ಮೊದಲ ದಿನವೇ ಹಿಗ್ಗುತ್ತದೆ. ಮಾರನೆಯ ದಿನ ಮತ್ತೆ ಬಿಗಿಯಿರಿ, ಆಮೇಲೆ ಎರಡು ದಿನಕ್ಕೊಮ್ಮೆ ಕಂಕುಳು, ಎದೆ ನೋಡಿ. ಚರ್ಮ ಕೆಂಪಾಗಿದ್ದರೆ ಅಂದೇ ಬಿಚ್ಚಬೇಕು. ಎದೆ ಹುಣ್ಣಾದ ಟಗರು ಹಾರುವುದನ್ನೇ ಬಿಡುತ್ತದೆ.

ಗಟ್ಟಿಯನ್ನು ಹವೆಗೆ ತಕ್ಕಂತೆ ಆರಿಸಬೇಕು. ಬಿಸಿಲಿನ ಗಟ್ಟಿಯನ್ನು ಚಳಿಯಲ್ಲಿ ಹಾಕಿದರೆ ಕಲ್ಲಿನಂತಾಗಿ ಗುರುತೇ ಬೀಳುವುದಿಲ್ಲ, ಚಳಿಯದ್ದು ಬಿಸಿಲಲ್ಲಿ ಕರಗಿ ಸಿಕ್ಕಲ್ಲೆಲ್ಲ ಮೆತ್ತುತ್ತದೆ. ಮಣ್ಣು, ಹಿಕ್ಕೆ ಅಂಟಿ ಮೇಲ್ಮೈ ಗಡುಸಾದರೆ ಚಾಕುವಿನಿಂದ ಹೆರೆಯಿರಿ. ಬಾಲದ ಬುಡದ ಮೇಲೆ ದಟ್ಟವಾಗಿ ಬಿದ್ದದ್ದು ನಿಜವಾದ ಗುರುತು. ಪಕ್ಕೆಯ ಮೇಲಿನ ಒಂದೇ ಗೀರು ನೂಕುನುಗ್ಗಲಲ್ಲಿ ತಾಗಿದ್ದಿರಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪಟ್ಟಿಗೆ ಕೊಟ್ಟ ಹಣ ಹುಟ್ಟುವುದು ಬಣ್ಣ ಬದಲಿಸಿದಾಗ. ಕುರಿಯ ಬೆದೆಚಕ್ರ ಸುಮಾರು 17 ದಿನ. ಹಳದಿಯಿಂದ ಶುರು ಮಾಡಿ 16 ಅಥವಾ 17 ದಿನಕ್ಕೊಮ್ಮೆ ಕೆಂಪು, ಆಮೇಲೆ ನೀಲಿ ಹಾಕಿ. ತಿಳಿ ಬಣ್ಣವೇ ಮೊದಲು ಬರಬೇಕು, ಏಕೆಂದರೆ ಕಡುಬಣ್ಣದ ಮೇಲೆ ತಿಳಿ ಬಣ್ಣ ಕಾಣುವುದಿಲ್ಲ. ಹಳದಿಯ ಮೇಲೆ ಕೆಂಪು ಬಿದ್ದ ಕುರಿ ಮತ್ತೆ ಬೆದೆಗೆ ಬಂದಿದೆ. ಅಂಥವು ನಾಲ್ಕಾರು ಇದ್ದರೆ ಚಿಂತೆಯಿಲ್ಲ. ಅರ್ಧ ಹಿಂಡೇ ಹಾಗಾದರೆ ಟಗರಿನ ವೃಷಣ, ವೀರ್ಯ ಪರೀಕ್ಷೆ ತಕ್ಷಣ ಆಗಬೇಕು. ವೀರ್ಯಾಣು ತಯಾರಾಗಲು ಸುಮಾರು ಏಳು ವಾರ ಬೇಕು, ಹಾಗಾಗಿ ತಿಂಗಳ ಹಿಂದಿನ ಜ್ವರ ಅಥವಾ ಕಡುಬಿಸಿಲಿನ ಪೆಟ್ಟು ಈಗ ಕಾಣಿಸಬಹುದು. ಮರಿ ಹಾಕುವ ಕಾಲದವರೆಗೆ ಕಾಯದೆ ಟಗರು ಬದಲಿಸಲು ಸಿಗುವ ಈ ಅವಕಾಶವೇ ಪಟ್ಟಿಯ ದೊಡ್ಡ ಲಾಭ.

ಒಂದು ಸಂದರ್ಭದಲ್ಲಿ ಮಾತ್ರ ಅವಸರ ಬೇಡ. ಬಹುದಿನ ಟಗರಿನಿಂದ ದೂರವಿದ್ದ ಕುರಿಗಳ ನಡುವೆ ಬೆದೆಗಾಲಕ್ಕೆ ತುಸು ಮೊದಲು ಟಗರು ಬಿಟ್ಟರೆ, ಕೆಲವೇ ದಿನಗಳಲ್ಲಿ ಅಂಡ ಬಿಡುಗಡೆಯಾದರೂ ಬೆದೆ ಕಾಣುವುದಿಲ್ಲ. ಗುರುತುಗಳು 18ನೇ ದಿನ ಮತ್ತು 24ನೇ ದಿನದ ಆಸುಪಾಸು ಗುಂಪಾಗಿ ಬೀಳುತ್ತವೆ. ಮೊದಲೆರಡು ವಾರ ಬಣ್ಣ ಕಾಣದಿದ್ದಕ್ಕೆ ಟಗರನ್ನು ದೂರಬೇಡಿ.

ಮೊದಲ ಸಲ ಬೆದೆಗೆ ಬರುವ ಎಳೆಯ ಕುರಿಗಳಲ್ಲಿ ಗುರುತು ತಪ್ಪುವುದು ಹೆಚ್ಚು. ಅವುಗಳ ಬೆದೆ ಚಿಕ್ಕದು, ಟಗರನ್ನು ಹುಡುಕಿ ಹೋಗುವ ಧೈರ್ಯವೂ ಕಡಿಮೆ. ದೊಡ್ಡ ಕುರಿಗಳು ಅವನ್ನು ಪಕ್ಕಕ್ಕೆ ತಳ್ಳುತ್ತವೆ. ಬೇರೆ ಗುಂಪು ಮಾಡಿ ಅನುಭವಿ ಟಗರು ಬಿಡಬೇಕು. ಆ ಗುಂಪಿಗೂ ಬೆಳೆದ ಕುರಿಯ ತೂಕದ ಮೂರನೇ ಎರಡು ಪಾಲು ಮುಟ್ಟಿದ ಎಳೆಯ ಕುರಿಗಳನ್ನಷ್ಟೇ ಸೇರಿಸಬೇಕು.

ಹೋತಕ್ಕೂ ಇದೇ ಪಟ್ಟಿ ಆದೀತು. ಮೇಕೆಯ ಚಕ್ರ ಸುಮಾರು 21 ದಿನವಾದ್ದರಿಂದ ಬಣ್ಣ ಬದಲಿಸುವ ಅಂತರವನ್ನೂ ಹಿಗ್ಗಿಸಿ. ಬೆದೆಗಾಲದಲ್ಲಿ ಹೋತ ತನ್ನ ಎದೆ, ಗಡ್ಡಕ್ಕೆ ತಾನೇ ಮೂತ್ರ ಸಿಡಿಸಿಕೊಳ್ಳುತ್ತದೆ. ಚರ್ಮದ ಪಟ್ಟಿಯಾದರೆ ಬೇಗ ಬಿರುಸಾಗುತ್ತದೆ, ನೈಲಾನ್ ತೆಗೆದುಕೊಂಡು ಆಗಾಗ ತೊಳೆಯಿರಿ. ವರ್ಷವಿಡೀ ಟಗರನ್ನು ಹಿಂಡಿನಲ್ಲೇ ಬಿಟ್ಟಿರುವವರು ಈ ಪಟ್ಟಿ ಕೊಳ್ಳಬೇಕಿಲ್ಲ.