ವಾದ್ಯದಂಗಡಿಯ ಹಿಂಗೋಣೆಯಲ್ಲಿ ಎಕರ್ಟ್

ಕಾಸರಗೋಡು ಪೇಟೆಯಲ್ಲಿ ಬ್ಯಾಂಡ್ ವಾದ್ಯಗಳನ್ನು ದುರಸ್ತಿ ಮಾಡುವ ಪುಟ್ಟ ಅಂಗಡಿಯೊಂದಿದ್ದು, ಅದರ ಹಿಂಗೋಣೆಯಲ್ಲಿ 50 ರೂಪಾಯಿಗೆ ಅರ್ಧ ಗಂಟೆಯ ಕನ್ನಡ ಧ್ವನಿಕಥನವನ್ನು ಕೇಳಿಸುತ್ತಾರೆ. ನಾನು ಆರಿಸಿಕೊಂಡದ್ದು ಜರ್ಮನ್ ಸಂಗೀತಗಾರ ಫ್ರಾಂಜ್ ಎಕರ್ಟ್‌ನ ಜೀವನಕಥೆ.

1852ರಲ್ಲಿ ಪ್ರಷ್ಯದ ಸೈಲೀಷಿಯಾದಲ್ಲಿ ಹುಟ್ಟಿದ ಈತ 1879ರಲ್ಲಿ ಜಪಾನಿನ ನೌಕಾಪಡೆಯ ವಾದ್ಯವೃಂದವನ್ನು ತರಬೇತುಗೊಳಿಸಲು ಬಂದು, ಸುಮಾರು ಇಪ್ಪತ್ತು ವರ್ಷ ಅಲ್ಲೇ ದುಡಿದ. 1901ರಲ್ಲಿ ಸೋಲ್ ನಗರಕ್ಕೆ ಹೋಗಿ, ಮರುವರ್ಷ ಕೊರಿಯಾ ಸಾಮ್ರಾಜ್ಯದ ರಾಷ್ಟ್ರಗೀತೆಗೆ ಸಂಗೀತ ಕೊಟ್ಟ. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿದಾಗ, ಈತನ ಕೈ ತಗುಲಿದ್ದ ಒಂದು ಗೀತೆ, ಅಂದರೆ ಜಪಾನಿನ ರಾಷ್ಟ್ರಗೀತೆ ‘ಕಿಮಿಗಾಯೊ’, ಇನ್ನೊಂದರ, ಅಂದರೆ ಕೊರಿಯಾದ ಗೀತೆಯ ಸದ್ದಡಗಿಸಿತು. ಇದನ್ನು ನಿರೂಪಕರು ದನಿ ಏರಿಸದೆ, ನಡುನಡುವೆ ಬರಿಯ ಓಬೋ ನುಡಿಸಿ ಹೇಳುವ ನಾಲ್ಕು ನಿಮಿಷಗಳಿಗೇ ಕೊಟ್ಟ ಹಣ ಸಂದಿತು. 1916ರಲ್ಲಿ ಎಕರ್ಟ್ ಸೋಲ್‌ನಲ್ಲೇ ತೀರಿಕೊಂಡ.

ಆದರೆ ‘ಕಿಮಿಗಾಯೊ’ವನ್ನು ಈತನೇ ರಚಿಸಿದನೆಂದು ಈ ಧ್ವನಿಕಥನ ಹೇಳುವ ಮಾತು ತಪ್ಪು. ಅದರ ರಾಗ ಹಯಾಶಿ ಹಿರೊಮೊರಿಯ ಹೆಸರಿನಲ್ಲಿರುವ, ಜಪಾನಿನ ಆಸ್ಥಾನ ಸಂಗೀತಗಾರರದ್ದು. 1880ರಲ್ಲಿ ಅದಕ್ಕೆ ಪಾಶ್ಚಾತ್ಯ ವಾದ್ಯಗಳಿಗೊಪ್ಪುವ ಸ್ವರಮೇಳ ಹೊಂದಿಸಿದವನಷ್ಟೇ ಎಕರ್ಟ್. ಭಾಗವತರ ಪದವನ್ನು ಮದ್ದಲೆಗಾರರ ಹೆಸರಿಗೆ ಬರೆದರೆ ನಮ್ಮ ಯಕ್ಷಗಾನ ಪ್ರಿಯರು ಸುಮ್ಮನಿರುತ್ತಾರೆಯೇ?

ಕೋಣೆಯ ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಕಹಳೆಯೂ ಕೇಳಿಸದು. ಹೆಡ್‌ಫೋನ್ ಒಂದೇ ಇದೆ, ಅದರ ಎಡಕಿವಿ ಗೊರಗೊರ ಎನ್ನುತ್ತದೆ. ಮಾಲೀಕರಿಗೆ ತಪ್ಪನ್ನು ತಿಳಿಸಿದಾಗ, ಬಿಚ್ಚಿಟ್ಟಿದ್ದ ಕ್ಲಾರಿನೆಟ್ಟಿನ ಕೀಲಿಗಳನ್ನು ಬದಿಗೆ ಸರಿಸಿ, ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಹಯಾಶಿಯ ಹೆಸರನ್ನು ಬರೆದುಕೊಂಡರು.